ಮಾಸ್ತರು ಪಾಸ್ಟರ್ ಆದ ಮೇಲೆ

ಮಾಸ್ತರ್, ಪಾಸ್ಟರ್. ನಮ್ಮ ಇರಕಲ್ಲಗಡದ ಕಡೆಯ ನಾಲಿಗೆಯ ಮೇಲೆ ಈ ಎರಡು ಪದಗಳ ನಡುವೆ ಅಂಥ ದೂರವೇನಿಲ್ಲ. ನಮಗೆ ಶಾಲೆಯಲ್ಲಿ ಅಕ್ಷರ ಕಲಿಸಿದವರು ಐವತ್ತರ ಹತ್ತಿರ ಬಂದಾಗ ಸರ್ಕಾರಿ ನೌಕರಿ ಬಿಟ್ಟು, ಕೆಲವು ವರ್ಷಗಳ ನಂತರ ನಮ್ಮದೇ ಸಣ್ಣ ಸಭೆಗೆ ಪಾಸ್ಟರ್ ಆಗಿ ಬಂದರು. ಇನ್ನು ಮುಂದೆ ಅವರನ್ನು ಪಾಸ್ಟರ್ ಎಂದೇ ಕರೆಯಬೇಕೆಂದು ಸಭೆಯ ಹಿರಿಯರು ಹೇಳಿದರು. ಒಂದು ತಿಂಗಳು ಎಲ್ಲರೂ ಹಾಗೆಯೇ ಕರೆದರು. ಆಮೇಲೆ ಮುದುಕಿಯರು ಮೊದಲು ಮರೆತರು, ಅವರ ಹಿಂದೆ ಉಳಿದವರೂ ಮರೆತರು. ತೀರಿಕೊಳ್ಳುವವರೆಗೂ ಅವರು ನಮಗೆ ಮಾಸ್ತರೇ. ಅವರೂ ಯಾರನ್ನೂ ತಿದ್ದಲಿಲ್ಲ.

ಅವರ ಹೆಸರನ್ನೂ ಚರ್ಚಿನ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಮುಂದೆ ಹೇಳುವ ಸಂಗತಿಯಲ್ಲಿ ಇನ್ನೂ ಬದುಕಿರುವ ಹಲವರಿದ್ದಾರೆ.

ಶಾಲೆಯಲ್ಲಿ ಮಾಸ್ತರ ಮುಖ್ಯ ಕೆಲಸ ಪಾಠವಾದರೂ, ಊರಿಗೆ ಅವರಿಂದ ಆಗಬೇಕಾಗಿದ್ದ ದೊಡ್ಡ ಕೆಲಸ ಇನ್ನೊಂದಿತ್ತು. ನಾವೆಲ್ಲ ಹುಟ್ಟಿದ ದಿನವನ್ನು ಗೊತ್ತುಮಾಡುವವರು ಅವರೇ. ಮನೆಯಲ್ಲಿ ಹೆರಿಗೆಯಾದ ಮಕ್ಕಳಿಗೆ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಸಾಲಿಗೆ ಹೆಸರು ಹಚ್ಚುವ ದಿನ ಮಾಸ್ತರು ಬರೆದದ್ದೇ ಜನ್ಮದಿನ. ಆ ಕಾಲದಲ್ಲಿ ನಮ್ಮ ಕಡೆ ಶಾಲೆ ಸೇರಿದವರ ಅಂಕಪಟ್ಟಿಗಳನ್ನು ತೆಗೆದು ನೋಡಿದರೆ ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದ್ದಾರೆ. ನನ್ನದೂ ಅದೇ.

ತಾರೀಖು ಅಂದಾಜಿನದಾದರೂ ವರ್ಷವನ್ನು ಅವರು ಅಂದಾಜಿಗೆ ಬಿಡುತ್ತಿರಲಿಲ್ಲ. ತಾಯಂದಿರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರು. "ಇಂದಿರಾಗಾಂಧಿ ಸತ್ತಾಗ ಈ ಕೂಸು ಹುಟ್ಟಿತ್ತೇನಬೇ? ಇಲ್ಲಾ? ಹಂಗಾರ ಅದರ ಮುಂದ ಎಷ್ಟ ಮಳಿಗಾಲ ಹೋದ್ವು? ಬರಗಾಲದಾಗ ಹೊಟ್ಟ್ಯಾಗಿತ್ತೋ, ತೊಟ್ಲಾಗಿತ್ತೋ?" ಪಕ್ಕದ ಮನೆಯ ಕೂಸಿಗಿಂತ ದೊಡ್ಡದೋ ಸಣ್ಣದೋ ಎಂದು ಕೇಳಿ ಮತ್ತೆ ಲೆಕ್ಕ ಹಾಕುತ್ತಿದ್ದರು. ಒಂದು ಹೆಸರು ಹಚ್ಚಲು ಅರ್ಧ ಗಂಟೆ ಹಿಡಿಯುತ್ತಿತ್ತು. ಬೇರೆ ಮಾಸ್ತರರು ಐದು ನಿಮಿಷದಲ್ಲಿ ಮುಗಿಸುತ್ತಿದ್ದರು.

ವರ್ಷಕ್ಕೊಮ್ಮೆ ನಮ್ಮನ್ನು ಕೊಪ್ಪಳಕ್ಕೆ ಕರೆದೊಯ್ಯುತ್ತಿದ್ದರು. ಗವಿಮಠದ ಬಂಡೆಯ ಮೇಲೆ, ಪಲ್ಲಕ್ಕಿಯ ಆಕಾರದ ಪಾಲ್ಕಿಗುಂಡಿನ ಕೆಳಗೆ ಅಶೋಕನ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ನಮಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅದರ ಅರ್ಥವನ್ನು ಮಾಸ್ತರು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ದೊಡ್ಡವರಿಗೆ ಮಾತ್ರ ಸ್ವರ್ಗ ಸಿಗುತ್ತದೆಂದಲ್ಲ, ಸಣ್ಣ ಮನುಷ್ಯನೂ ಮನಸ್ಸಿಟ್ಟು ದುಡಿದರೆ ಸಿಗುತ್ತದೆ ಎಂದು ರಾಜನೇ ಕಲ್ಲಿನಲ್ಲಿ ಕೊರೆಸಿದ್ದಾನೆ ಎಂದು. ಹತ್ತು ವರ್ಷಗಳ ನಂತರ ಇದೇ ಮಾತನ್ನು ಅವರ ಭಾನುವಾರದ ಪ್ರಸಂಗದಲ್ಲಿ ಕೇಳಿ ನಾನು ತಲೆಯೆತ್ತಿದ್ದೆ. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಮಾಸ್ತರು ನಿಲ್ಲಿಸಲಿಲ್ಲ.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಅದೇ ವರ್ಷ ಅವರು ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು. "ತಿಂಗಳಾ ಬರೋ ಪಗಾರಕ್ಕ ಕಲ್ಲ ಹಾಕ್ಕೊಳ್ಳೋದ ಯಾವ ಶ್ಯಾಣ್ಯಾತನ?" ಎಂದು ಜನ ಅಂದರು. ನಮ್ಮ ಸಭೆಗೆ ಬಂದ ಪಾಸ್ಟರರು ವರ್ಷ ತುಂಬುವ ಮೊದಲೇ ಹೋಗಿಬಿಡುತ್ತಿದ್ದರು. ಕೆಂಪು ಹಂಚಿನ ಒಂದು ಕೋಣೆ, ಪಕ್ಕದಲ್ಲಿ ಸೋರುವ ಮನೆ, ನಾಲ್ಕೈದು ಹಳ್ಳಿಗಳಿಂದ ನಡೆದು ಬರುವ ಕೂಲಿಕಾರರು. ಇಲ್ಲಿ ನಿಲ್ಲುವವರು ಯಾರು? ಕಾರಣ ಕೇಳಿದವರಿಗೆ ಮಾಸ್ತರು ದರ್ಶನದ ಕತೆ ಹೇಳಲಿಲ್ಲ. "ಅಲ್ಲಿ ಮಾಸ್ತರ್ ಇಲ್ಲದ ಸಾಲಿ ನಡದೈತಿ" ಎಂದಷ್ಟೇ ಅಂದರು.

ಓದಲು ಅವರು ಹೋದದ್ದು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ. 1847ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಸೆಮಿನರಿಯ ಪರಂಪರೆ ಅದು. ತಮ್ಮ ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದರು. ಅವರ ಮನಸ್ಸಿನಲ್ಲಿ ಆ ಊರಿಗೆ ಇನ್ನೊಂದು ಮಹತ್ವವಿತ್ತು. ಅವರು ಪ್ರಾಣದಂತೆ ಪ್ರೀತಿಸುತ್ತಿದ್ದ ಉತ್ತಂಗಿ ಚನ್ನಪ್ಪನವರೂ ಕಲಿತದ್ದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲೇ.

ಉತ್ತಂಗಿಯವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಸುವಾರ್ತೆ ಹೇಳಲು ಹೋದವರು ಜನರ ಬಾಯಲ್ಲಿದ್ದದ್ದನ್ನು ಕೇಳಿ ಬರೆದುಕೊಂಡು ಬಂದರು. ಶರಣರ ವಚನಗಳ ಮೇಲೂ ಜೀವಮಾನವೆಲ್ಲ ಕೆಲಸ ಮಾಡಿದರು. 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆದಾಗ ಅಧ್ಯಕ್ಷರು ಅವರೇ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ನಮ್ಮ ಕೊಪ್ಪಳ ನಿಜಾಮರ ರಾಜ್ಯದೊಳಗಿನ ಸಾಲಾರ್ ಜಂಗ್ ಜಹಗೀರು, ಕಚೇರಿಯ ಭಾಷೆ ಉರ್ದು. ಹಾಗೆ ಬಿಡುಗಡೆಯಾದ ನೆಲದ ಮೊದಲ ಕನ್ನಡದ ದೊಡ್ಡ ಹಬ್ಬಕ್ಕೆ ಒಬ್ಬ ಪಾದ್ರಿ ಅಧ್ಯಕ್ಷ. ಇದನ್ನು ಹೇಳುವಾಗಲೆಲ್ಲ ಮಾಸ್ತರ ಮುಖ ಅರಳುತ್ತಿತ್ತು.

ನಮ್ಮ ಭಾಗದಲ್ಲಿ ಚರ್ಚು ಮತ್ತು ಅಕ್ಷರದ ನಂಟು ಇವತ್ತಿನದಲ್ಲ. 1810ರಲ್ಲಿ ನೆರೆಯ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು, ಅದು 1832ರಲ್ಲಿ ಬಂತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಮುದಾಯವಂತೂ ಆದಿಲಶಾಹಿ ಕಾಲದ್ದು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದುವ ಮೊದಲೇ ಮಾಸ್ತರ ಬಾಯಲ್ಲಿ ಕೇಳಿದ್ದೆ. ಅವರ ಲೆಕ್ಕದಲ್ಲಿ ಮಾಸ್ತರಿಕೆ ಬಿಟ್ಟು ಪಾಸ್ಟರ್ ಆಗುವುದು ಎಂಬುದೇ ಇರಲಿಲ್ಲ. ಕೋಣೆ ಬೇರೆ, ಕೆಲಸ ಒಂದೇ.

ಹಾಗಾಗಿ ಪ್ರಸಂಗ ಮುಗಿದ ಮೇಲೆ ಅವರು ಆಶೀರ್ವಾದಕ್ಕೆ ಕೈಯೆತ್ತುವ ಮೊದಲು ಕೇಳುತ್ತಿದ್ದರು: "ಯಾರಿಗಿ ಏನ್ ತಿಳಿಲಿಲ್ಲ, ಹೇಳ್ರಿ." ಮೊದಲ ಕೆಲವು ವಾರ ಯಾರೂ ತುಟಿ ಬಿಚ್ಚಲಿಲ್ಲ. ಒಂದು ದಿನ ನಮ್ಮ ಆಯಿ ಎದ್ದು ನಿಂತು, "ಮಾಸ್ತರ, ಸಣ್ಣ ಮಗ ಆಸ್ತಿ ಹಾಳ ಮಾಡಿ ಬಂದ್ರ ಕರು ಕೊಯ್ಸಿ ಊಟ ಹಾಕಿದ್ರು. ಹೊಲದಾಗ ದುಡದ ದೊಡ್ಡ ಮಗಗ ಏನ ಕೊಟ್ರ್ಯೋ ಹೇಳ್ರಿ ಮೊದಲ" ಎಂದಳು. ಜೀವನವಿಡೀ ಕೂಲಿ ಮಾಡಿದವಳ ಪ್ರಶ್ನೆ. ಮಾಸ್ತರು ಬಹಳ ಹೊತ್ತು ಸುಮ್ಮನಿದ್ದು, "ಮುಂದಿನ ಐತವಾರ ಹೇಳ್ತೀನಬೇ. ನಾನೂ ವಿಚಾರ ಮಾಡಬೇಕು" ಅಂದರು. ವೇದಿಕೆಯ ಮೇಲಿನವರು ವಿಚಾರ ಮಾಡಬೇಕು ಎಂದದ್ದನ್ನು ನಮ್ಮ ಜನ ಮೊದಲ ಸಲ ಕೇಳಿದ್ದರು. ಆ ಚಳಿಗಾಲದಲ್ಲಿ ಆಯಿ ಮತ್ತು ಇನ್ನಾರು ಜನ ಹೆಂಗಸರು ರಾತ್ರಿ ಕಂದೀಲಿನ ಮುಂದೆ ಕೂತು ಹಾಡಿನ ಪುಸ್ತಕದಲ್ಲಿ ಅಕ್ಷರ ಕಲಿತರು. ಹಾಡುಗಳು ಬಾಯಿಪಾಠವಾಗಿದ್ದವು. ಬಾಯಲ್ಲಿದ್ದದ್ದನ್ನು ಕಣ್ಣಿನಿಂದ ಹುಡುಕುವುದಷ್ಟೇ ಪಾಠ.

ಶಾಲೆಯ ದಾಖಲಾತಿ ಪುಸ್ತಕದಂತೆ ಚರ್ಚಿನಲ್ಲೂ ಒಂದು ಪುಸ್ತಕವಿತ್ತು, ದೀಕ್ಷಾಸ್ನಾನದ ರಿಜಿಸ್ಟರ್. ಅದರ ಮುಂದೆ ಕೂತಾಗಲೂ ಅವರು ಹಳೆಯ ಮಾಸ್ತರೇ. ಹೊಸದಾಗಿ ಸಭೆಗೆ ಬರುತ್ತಿದ್ದ ಒಂದು ಕುಟುಂಬದ ತಾಯಿ, "ದೀಕ್ಷಾಸ್ನಾನ ಆದ್ರ ಹುಡುಗೂರ ಜಾತಿ ಸರ್ಟಿಫಿಕೇಟಿಗೆ ಏನರ ತೊಂದ್ರಿ ಆಕ್ಕೈತೇನ್ರಿ?" ಎಂದು ಕೇಳಿದಳು. ಈ ಪ್ರಶ್ನೆಗೆ ನುಣುಚಿಕೊಳ್ಳುವ ಉತ್ತರಗಳು ಬಹಳ ಇವೆ. ಮಾಸ್ತರು ಇದ್ದದ್ದನ್ನು ಇದ್ದಂತೆ ಹೇಳಿದರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರಿಗೆ ಅದಿಲ್ಲ, ಕರ್ನಾಟಕದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. "ಕೇರಿ ಬದಲಾಗಂಗಿಲ್ಲ, ಬಾವಿ ಬದಲಾಗಂಗಿಲ್ಲ, ಕಾಗದ ಅಷ್ಟ ಬದಲಾಕ್ಕೈತಿ. ತಿಳಕೊಂಡು ಬಾರವ್ವ" ಅಂದರು. ಆ ಕುಟುಂಬ ದೀಕ್ಷಾಸ್ನಾನವನ್ನು ಮುಂದೆ ಹಾಕಿತು. ಸಭೆಯ ಲೆಕ್ಕದಲ್ಲಿ ಐದು ತಲೆ ಕಡಿಮೆಯಾದವು. ಆ ತಾಯಿ ಮಾತ್ರ ಪ್ರತಿ ಭಾನುವಾರ ಬಂದು ಅದೇ ಚಾಪೆಯ ಮೇಲೆ ಕೂರುತ್ತಿದ್ದಳು. ಅವಳ ಮಕ್ಕಳ ಹೆಸರು ಯಾವ ಪುಸ್ತಕದಲ್ಲಿದೆ ಎಂದು ಮಾಸ್ತರು ಎಂದೂ ಕೇಳಲಿಲ್ಲ.

2004ರ ಬೇಸಿಗೆಯಲ್ಲಿ ನನ್ನ ದೊಡ್ಡಪ್ಪನ ಮಗಳಿಗೆ ಗಂಡು ಗೊತ್ತಾಯಿತು. ಒಂಬತ್ತನೇ ತರಗತಿ ಮುಗಿಸಿದ್ದಳು. ಚರ್ಚಿನ ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದುವ ರೂಢಿ. ಅದಕ್ಕಾಗಿ ದೊಡ್ಡಪ್ಪ ಮಾಸ್ತರನ್ನು ಮನೆಗೇ ಕರೆಸಿದ್ದರು, ಇಬ್ಬರು ಹಿರಿಯರೂ ಬಂದಿದ್ದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಅವಳು ನನ್ನ ಪಕ್ಕದಲ್ಲಿ ಕಪ್ಪು ಒರೆಸುತ್ತ ನಿಂತಿದ್ದಳು.

"ಹುಡುಗಿಗೆ ವಯಸ್ಸೆಷ್ಟ್ರಿ ಯಜಮಾನ್ರ?"

"ಹದಿನೆಂಟ ತುಂಬ್ಯಾವ್ರಿ."

"ಆಕಿ ಹೆಸರ ಸಾಲಿಗೆ ಹಚ್ಚಿದಾವ ನಾನ ಅದೀನ್ರಿ."

ದೊಡ್ಡಪ್ಪ ನಕ್ಕುಬಿಟ್ಟರು. "ಅದು ನೀವ ಅಂದಾಜಿಲೆ ಬರದದ್ದಲ್ರೀ ಮಾಸ್ತರ. ಜೂನ್ ಒಂದಕ್ಕ ಇಡೀ ಊರ ಹುಟ್ಟೇತೇನು?"

"ತಾರೀಖ ಅಂದಾಜಿಂದ್ರಿ. ವರ್ಷ ಅಲ್ಲ. ನಿಮ್ಮ ಮನಿಯವ್ರನ್ನ ನಾಕ ಸಲ ಕೇಳಿ ಬರದೀನಿ. ದೀಕ್ಷಾಸ್ನಾನದ ಪುಸ್ತಕದಾಗೂ ಅದ ವರ್ಷ ಐತಿ. ಆಕಿಗೆ ಇನ್ನೂ ಹದಿನಾರ ತುಂಬಿಲ್ಲ."

1872ರ ಕ್ರೈಸ್ತ ವಿವಾಹ ಕಾಯ್ದೆಗೆ 1978ರಲ್ಲೇ ತಿದ್ದುಪಡಿಯಾಗಿ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕೆಂಬ ನಿಯಮ ಬಂದಿತ್ತು. ಹಿರಿಯರಿಗೆ ಅದು ಗೊತ್ತಿತ್ತು. ಅವರಲ್ಲೊಬ್ಬರು ದನಿ ತಗ್ಗಿಸಿ, ಎರಡು ಪುಸ್ತಕದಲ್ಲಿ ಒಂದು ನಿಮ್ಮ ಕೈಯಲ್ಲೇ ಇದೆ, ಒಂದು ಅಂಕಿ ತಿದ್ದಿದರೆ ಒಂದು ಮನೆಯ ಮರ್ಯಾದೆ ಉಳಿಯುತ್ತದೆ ಎಂದರು. "ಕರ್ತನ ಕೆಲಸಕ್ಕ ಬಂದೀರಿ. ಸಾಲಿ ಮಾಸ್ತರಿಕಿ ಇನ್ನರ ಬಿಡ್ರಿ" ಎಂದೂ ಸೇರಿಸಿದರು.

"ಸುಳ್ಳ ಬರಿಯೋದು ಅಲ್ಲಿದ್ದಾಗ ಕಲೀಲಿಲ್ರಿ. ಇಲ್ಲಿ ಬಂದ ಕಲೀಬೇಕೇನು?"

ಚಹಾ ಆರಿಹೋಯಿತು. ಯಾರೂ ಕುಡಿಯಲಿಲ್ಲ.

ಇಲ್ಲಿಗೆ ಮದುವೆ ನಿಂತಿತು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ಒಂದೂವರೆ ತಿಂಗಳ ನಂತರ ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿ ಆಯಿತು. ದೊಡ್ಡಪ್ಪನ ಮನೆ ಮತ್ತು ಅವರ ಬೀಗರ ಎರಡು ಮನೆಗಳು ಸಭೆ ಬಿಟ್ಟವು. ಮೇಲಿನವರಿಗೆ ಪತ್ರ ಹೋಯಿತು. ಮುಂದಿನ ವರ್ಷದ ವರ್ಗಾವಣೆ ಪಟ್ಟಿಯಲ್ಲಿ ಮಾಸ್ತರ ಹೆಸರು ಬಂತು. ಟ್ರಂಕು, ಪುಸ್ತಕದ ಎರಡು ಗೋಣಿಚೀಲ, ಒಂದು ಸೈಕಲ್ಲು ಟಂಟಂ ಗಾಡಿಯಲ್ಲಿ ಹೋದವು. ಕಳಿಸಲು ಬಂದ ಹೆಂಗಸರಲ್ಲಿ ಆಯಿ ಮುಂದಿದ್ದಳು. ದೊಡ್ಡ ಮಗನಿಗೆ ಏನು ಕೊಟ್ಟರು ಎಂಬ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ ಎಂದು ನೆನಪಿಸಿದಳು. ಅವರು ನಕ್ಕು, "ವಿಚಾರ ಮಾಡಾಕತ್ತೀನಿ" ಅಂದರು.

ಹೋದ ಊರಿನಿಂದ ಎರಡು ವರ್ಷದ ಮೇಲೆ ಅವರು ನನ್ನ ಅಕ್ಕತಂಗಿಯರಲ್ಲಿ ಚಿಕ್ಕವಳಾದ ಆ ಹುಡುಗಿಗೆ ಒಂದು ಲಕೋಟೆ ಕಳಿಸಿದ್ದರು. ಒಳಗೆ ಕಾಗದ ಇರಲಿಲ್ಲ. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರುವವರ ಅರ್ಜಿ ಇತ್ತು, ತುಂಬಬೇಕಾದ ಜಾಗಗಳಲ್ಲಿ ಪೆನ್ಸಿಲ್ಲಿನ ಗುರುತು. ಹುಟ್ಟಿದ ತಾರೀಖಿನ ಮನೆಯನ್ನು ಮಾತ್ರ ಅವರೇ ತುಂಬಿದ್ದರು. ಅವಳು ಎರಡನೇ ಸಲಕ್ಕೆ ಪಾಸಾದಳು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅವಳಿಗೆ ಫೋನು ಮಾಡಿದೆ. ಅವರ ಮಾತಿನಿಂದ ನಿನ್ನ ಮದುವೆಯಂತೂ ನಿಲ್ಲಲಿಲ್ಲ ಎಂದು ನನ್ನ ಬಾಯಿಂದ ಬಂತು. ಅವಳು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಅಕ್ಕಾ, ಅವತ್ತ ಒಳಗ ಕಪ್ಪು ಒರಸ್ಕೋತ ನಿಂತಾಗ ನನಗ ಯಾರೂ ಏನೂ ಕೇಳಿರಲಿಲ್ಲ. ಎಲ್ಲಾರೂ ಹೂಂ ಅಂದಿದ್ರು. ಅವರೊಬ್ಬರು ಬ್ಯಾಡ ಅಂದ್ರು. ನನಗ ಹದಿನೈದ ಅಂತ ಗಟ್ಟಿಯಾಗಿ ಹೇಳಿದವ್ರು ಅವರೊಬ್ರ. ಅಷ್ಟ ದಿನ ನಾನ ಅದನ್ನ ಮರತ ಬಿಟ್ಟಿದ್ದೆ."

ಅವಳ ಮಗಳು ಪಿಯುಸಿ ಮುಗಿಸಿದ್ದಾಳೆ. ಶಾಲೆಗೆ ಹಚ್ಚುವಾಗ ಆಸ್ಪತ್ರೆಯ ಜನನ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ತಾನೇ ಹೋಗಿದ್ದಳಂತೆ. ಹುಡುಗಿ ಹುಟ್ಟಿದ್ದು ನವೆಂಬರ್‌ನಲ್ಲಿ.