ಜೀವಕೋಶ ಮತ್ತು ಹಾಫ್ ಬಾಯಿಲ್

ಬಿ.ಎಡ್. ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಬೋಧನೆ ಹೇಳಿಕೊಡೋದು ನನ್ನ ಕೆಲಸ. "ಪುಸ್ತಕ ಮುಚ್ಚಿ, ಒಂದು ಜೀವಕೋಶದ ಚಿತ್ರ ಬರೀರಿ" ಅಂದರೆ ಪ್ರತಿ ಬ್ಯಾಚಿನಲ್ಲೂ ಅದೇ... ತಟ್ಟೆಯಲ್ಲಿ ಹಾಫ್ ಬಾಯಿಲ್! ನಡುವೆ ಕೋಶಕೇಂದ್ರ, ಪಕ್ಕದಲ್ಲಿ ಎರಡೋ ಮೂರೋ ಮೈಟೋಕಾಂಡ್ರಿಯ, ಉಳಿದದ್ದೆಲ್ಲ ಖಾಲಿ. ಡಿಗ್ರಿಯಲ್ಲಿ ಒಳ್ಳೆ ಅಂಕ ತೆಗೆದವರೇ ಇವರೆಲ್ಲ.

ಆಮೇಲೆ ಈರುಳ್ಳಿ ಪೊರೆಯನ್ನ ಸೂಕ್ಷ್ಮದರ್ಶಕದಡಿ ಇಟ್ಟು, ಕಂಡಷ್ಟೇ ಬರೀರಿ ಅಂತೀನಿ. ಆಗಲೂ ಕೆಲವರ ಚಿತ್ರದಲ್ಲಿ ಹಸಿರು ಕ್ಲೋರೋಪ್ಲಾಸ್ಟ್! ಗಡ್ಡೆಯ ಒಳಪದರದಲ್ಲಿ ಹಸಿರೆಲ್ಲಿಂದ ಬರಬೇಕು? ಕಣ್ಣು ಲೆನ್ಸಿನಲ್ಲಿ, ಕೈ ಪಿಯುಸಿ ಪುಸ್ತಕದಲ್ಲಿ.

ಮೂರನೇ ಚಿತ್ರ ಅಳತೆಯದ್ದು. 20 ಮೈಕ್ರೋಮೀಟರಿನ ಪ್ರಾಣಿಕೋಶವನ್ನ 10,000 ಪಟ್ಟು ಹಿಗ್ಗಿಸಿದರೆ 20 ಸೆಂಟಿಮೀಟರ್. ಆಗ ಮೈಟೋಕಾಂಡ್ರಿಯದ ಅಗಲ ಅರ್ಧದಿಂದ ಒಂದು ಸೆಂ.ಮೀ., ರೈಬೋಸೋಮ್ ಬರೀ ಪೆನ್ಸಿಲ್ ಚುಕ್ಕಿ, ಕೋಶಪೊರೆಯಂತೂ 0.1 ಮಿ.ಮೀ.ಗಿಂತ ತೆಳು. ಪಿತ್ತಜನಕಾಂಗದ ಕೋಶವಾದರೆ ಮೈಟೋಕಾಂಡ್ರಿಯಗಳೇ ಸಾವಿರದಷ್ಟು ಬೇಕು. "ಮೇಡಂ, ಜಾಗ ಸಾಲ್ತಿಲ್ಲ" ಅಂದಳು ಒಬ್ಬಳು. ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಹೇಳಿದಳು: "ಹಾಳೆ ಚಪ್ಪಟೆ, ಕೋಶ ಉಂಡೆ... ಒಂದರ ಹಿಂದೆ ಒಂದು ಇರ್ತವೆ ಅಲ್ವಾ?" ಎರಡು ತಾಸಿನ ಲೆಕ್ಚರ್ ಕೊಟ್ಟಿದ್ದರೂ ಇದು ಬರ್ತಿರಲಿಲ್ಲ.

ಚೆಂದದ ಚಿತ್ರಕ್ಕೆ ನಾನು ಅಂಕ ಕೊಡಲ್ಲ. ನಾಳೆ ಇವರು ಹೈಸ್ಕೂಲ್ ಬೋರ್ಡಿನ ಮೇಲೆ ಬರೆದದ್ದೇ ಮಕ್ಕಳ ತಲೆಯಲ್ಲಿ ಜೀವಮಾನವಿಡೀ ಉಳಿಯುತ್ತೆ, ಅದೇ ನನ್ನ ಚಿಂತೆ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಸೀಳಿನಲ್ಲಿ ಕಂಡದ್ದನ್ನ ಬರೆದು ತೋರಿಸಿದ್ದರಿಂದಲೇ 'ಸೆಲ್' ಅನ್ನೋ ಹೆಸರು ಬಂತು. ಅವನೆದುರು ನಕಲು ಮಾಡೋಕೆ ಯಾವ ಪುಸ್ತಕವೂ ಇರಲಿಲ್ಲ!

ನಿಮ್ಮ ನೆನಪಿನ ಜೀವಕೋಶ ಹೇಗಿದೆ? ಒಂದ್ಸಲ ಬರೆದು ನೋಡಿ :)