ಐಮಂಗಲದಲ್ಲಿ ಕಂಡ ಕಾರು

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ, ಹಿರಿಯೂರನ್ನು ದಾಟಿ ಚಿತ್ರದುರ್ಗವನ್ನು ಸೇರುವ ಮೊದಲು, ಐಮಂಗಲವೆಂಬ ಗ್ರಾಮವು ಸಿಕ್ಕುವುದು. ಹೆದ್ದಾರಿಗೆ ಹಿಂದೆ 4ನೆಯ ಸಂಖ್ಯೆಯಿತ್ತು, ಈಗ 48. ಪೊಲೀಸ್ ತರಬೇತಿ ಶಾಲೆಯೊಂದುಂಟು. ಉಳಿದಂತೆ, ದಾರಿಬದಿಯ ಹೋಟಲಿನ ಬೆಂಚಿನ ಮೇಲೆ ಕುಳಿತು ವಾಹನಗಳನ್ನು ನೋಡುವುದೇ ಇಲ್ಲಿಯ ವಿನೋದ.

ನಾವು ಹಾಗೆ ಬಸ್ಸಿಗಾಗಿ ಕಾದಿದ್ದಾಗ ದೊಡ್ಡದೊಂದು ಇನ್ನೋವಾ ಕಾರು ಬಂದು ನಿಂತಿತು. ಇಳಿದವನು ನಮ್ಮ ಹಳೆಯ ಶಿಷ್ಯ, ಅಮೆರಿಕದಲ್ಲಿ ಉದ್ಯೋಗಸ್ಥ.

"ಕಾರು ನಿನ್ನದೇನಪ್ಪಾ?" ಎಂದೆವು.

"ಬಾಡಿಗೆಯದು, ಮೇಷ್ಟ್ರೇ, ಮೂರು ವಾರಕ್ಕೆ. ಅಲ್ಲಿ ನನ್ನದು ಹನ್ನೆರಡು ವರ್ಷದ ಹಳೆಯ ಸಣ್ಣ ಕಾರು. ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಬಸ್ಸಿನಿಂದ ಇಳಿದರೆ ಅಪ್ಪ ತಲೆ ತಗ್ಗಿಸಬೇಕಾಗುತ್ತದೆ."

ಆ ದೇಶದ ಬಹುತೇಕ ಊರುಗಳಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟವಂತೆ. ಸಾಲದ ಕಂತು ಕಟ್ಟುತ್ತ ಓಡಿಸುವವರೇ ಬಹಳ. ಅಲ್ಲಿ ಪಾದರಕ್ಷೆಯಾದುದು ಸಮುದ್ರವನ್ನು ದಾಟಿದೊಡನೆ ಪಲ್ಲಕ್ಕಿಯಾಗುವುದು! ಇವನ ತಂದೆಯು ಕೊಳವೆಬಾವಿಗೆಂದು ಸೊಸೈಟಿಯಲ್ಲಿ ಸಾಲ ಕೇಳಿದ್ದುದು ನಮಗೆ ಗೊತ್ತಿತ್ತು; ಮಗನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಬಾಡಿಗೆ ಎಷ್ಟೆಂದು ಕೇಳಲು ನಮಗೆ ಬಾಯಿ ಬರಲಿಲ್ಲ.

"ಮನೆಗೆ ಬಂದು ಅಪ್ಪನನ್ನು ಮಾತನಾಡಿಸಿ ಹೋಗಬೇಕು" ಎಂದು ಬಲವಂತಮಾಡಿ ಹತ್ತಿಸಿಕೊಂಡನು. ಒಳಗೆ ತಂಪಾಗಿತ್ತು. ಆದರೂ ಊರಬಾಗಿಲು ಬಂದಾಗ, ಅರಳಿಕಟ್ಟೆಯ ಜನರಿಗೆ ಕಾಣುವಂತೆ, ನಾವು ಕಿಟಕಿಯ ಗಾಜನ್ನು ಇಳಿಸಿದೆವೆಂಬುದನ್ನು ವಾಚಕರಿಂದ ಮುಚ್ಚಿಡಲಾರೆವು.