ಉಪ್ಪಿನ ದಾರಿಯಲ್ಲಿ ಬಂದ ಕಾರು

ಫಿನ್ಲೆಂಡಿಗೆ ಬಂದ ಹೊಸತರಲ್ಲಿ ನಮಗೆ ಕಾರು ಬೇಕು ಅಂತ ಅನ್ನಿಸಿರಲೇ ಇಲ್ಲ. ಎಸ್ಪೂ ನಗರದಲ್ಲಿ ಮನೆ ಮುಂದೆಯೇ ಬಸ್ಸು, ನಾಲ್ಕು ಹೆಜ್ಜೆಗೆ ಮೆಟ್ರೋ. ಆದರೆ ನನಗೆ ಕೆಲಸ ಸಿಕ್ಕಿದ್ದು ದೂರದ ಲೊಹ್ಯಾ ಊರಿನ ಲ್ಯಾಬಿನಲ್ಲಿ. ಶಿಫ್ಟು ಬೆಳಗ್ಗೆ ಏಳಕ್ಕೆ. ನಮ್ಮ ಬಡಾವಣೆಯಿಂದ ಆ ಹೊತ್ತಿಗೆ ಮುಟ್ಟಿಸುವ ಬಸ್ಸು ಇಲ್ಲ. ಚಳಿಗಾಲ ಬರೋದರೊಳಗೆ ಕಾರು ತಗೊಳ್ಳಬೇಕು, ಇಲ್ಲವೇ ಕೆಲಸ ಬಿಡಬೇಕು, ಅಷ್ಟೇ.

ಇಲ್ಲಿ ಹಳೇ ಕಾರೇ ದುಬಾರಿ. ಸಾಮಾನ್ಯವಾಗಿ ಕಾರು ಈ ದೇಶದಲ್ಲಿ ಮೊದಲ ಸಲ ನೋಂದಣಿ ಆಗುವಾಗ 'ಔತೊವೆರೊ' ಎಂಬ ಕಾರು ತೆರಿಗೆ ಕಟ್ಟಬೇಕು. ಅದು ಕಾರಿನ ಬೆಲೆಯಲ್ಲೇ ಸೇರಿಕೊಂಡು, ಕಾರು ಕೈಯಿಂದ ಕೈಗೆ ಹೋದರೂ ಜೊತೆಗೇ ಹೋಗುತ್ತದೆ. ಹಾಗಾಗಿ ಜನ ಕಾರನ್ನು ಅಷ್ಟು ಬೇಗ ಬಿಡಲ್ಲ. ಹದಿನೈದು ವರ್ಷ ದಾಟಿದ ಕಾರು ರಸ್ತೆಯಲ್ಲಿ ಕಾಣೋದು ಇಲ್ಲಿ ಮಾಮೂಲು. ನಮ್ಮ ಕೈಗೆಟುಕುವ ಬೆಲೆಯವನ್ನೆಲ್ಲ ಬಗ್ಗಿ ನೋಡಿದರೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ತಳವೆಲ್ಲ ತುಕ್ಕು.

'ಜರ್ಮನಿಯಿಂದ ತರೋಣ' ಅಂದವರು ಇವರು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. 'ಅಲ್ಲ ಕಣೇ, ಬೇರೆ ದೇಶಕ್ಕೆ ಹೋಗಿ ಹಳೇ ಕಾರು ಹೊಡ್ಕೊಂಡು ಬರ್ತೀರಾ? ಸಂತೆಯಿಂದ ಎಮ್ಮೆ ತಂದ ಹಾಗಾಯ್ತಲ್ಲ!' ಅಂತ ನಕ್ಕರು. ಅಮ್ಮ ಅಂದಿದ್ದು ತಮಾಷೆಗೆ. ಆದರೆ ಹಲ್ಲು ನೋಡಿ, ಸುಳಿ ನೋಡಿ, ಮಾರುವವನ ಮುಖ ನೋಡಿ, ಕಡೆಗೆ ದೇವರ ಮೇಲೆ ಭಾರ ಹಾಕಿ ಹಗ್ಗ ಹಿಡಿಯುವ ವ್ಯಾಪಾರವೇ ಇದು.

ಯೂರೋಪು ಒಂದೇ ಮಾರುಕಟ್ಟೆ, ಗಡಿಯಲ್ಲಿ ಯಾರೂ ತಡೆಯಲ್ಲ ಅಂತ ನಾವು ಓದಿರ್ತೀವಿ. ಟೊಮೆಟೊಗೆ, ಸೋಫಾಗೆ ಅದು ನಿಜ. ಕಾರಿಗೆ ಮಾತ್ರ ಅರ್ಧ ನಿಜ. ಪುಣೆಯಿಂದ ಬೆಂಗಳೂರಿಗೆ ವರ್ಗವಾಗಿ ಬಂದವರನ್ನು ಕೇಳಿ. ಅಲ್ಲಿಂದ ಎನ್‌ಒಸಿ, ಇಲ್ಲಿ ಮತ್ತೆ ಜೀವಾವಧಿ ತೆರಿಗೆ, ಆಮೇಲೆ ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳೋಕೆ ಇನ್ನೊಂದು ಅರ್ಜಿ. ಒಂದೇ ದೇಶದೊಳಗೇ ಹೀಗಿರುವಾಗ ಜರ್ಮನಿ, ಫಿನ್ಲೆಂಡ್ ಯಾವ ಲೆಕ್ಕ? ಕಾರು ಸಲೀಸಾಗಿ ಗಡಿ ದಾಟುತ್ತೆ, ಆದರೆ ದಾಟಿದ ಮೇಲೆ ಮತ್ತೊಮ್ಮೆ ಹುಟ್ಟಬೇಕು.

ಈ ತೆರಿಗೆಗೆ ಒಂದು ಕಥೆಯೇ ಇದೆ. ಹಿಂದೆ ಹೊರಗಿನಿಂದ ತಂದ ಹಳೇ ಕಾರಿಗೆ ಫಿನ್ಲೆಂಡ್ ಸಿಕ್ಕಾಪಟ್ಟೆ ತೆರಿಗೆ ಹಾಕುತ್ತಿತ್ತು. ಜರ್ಮನಿಯಿಂದ ಬಳಸಿದ ಕಾರು ತಂದಿದ್ದ ಒಬ್ಬರು ಇದನ್ನು ಪ್ರಶ್ನಿಸಿದ್ದು ಲಕ್ಸೆಂಬರ್ಗ್‌ನ ಯೂರೋಪಿಯನ್ ನ್ಯಾಯಾಲಯದವರೆಗೂ ಹೋಯಿತು. ಅಂಥದ್ದೇ ಸ್ಥಳೀಯ ಹಳೇ ಕಾರಿನ ಬೆಲೆಯಲ್ಲಿ ಎಷ್ಟು ತೆರಿಗೆ ಉಳಿದುಕೊಂಡಿರುತ್ತೋ ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಅಂತ 2002ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಮರುವರ್ಷ ಕಾನೂನು ಬದಲಾಯಿತು. ಆಮೇಲೆ ನೋಡಿ, ಜರ್ಮನಿಯ ಹಳೇ ಕಾರುಗಳು ಹಡಗು ಹತ್ತಿ ಬರತೊಡಗಿದವು.

ಆದರೆ ಆ ತೀರ್ಪಿನ ತರ್ಕಕ್ಕೆ ಇನ್ನೊಂದು ಮುಖವೂ ಉಂಟು. ತೆರಿಗೆ ಲೆಕ್ಕ ಹಾಕೋದು ಫಿನ್ಲೆಂಡಿನಲ್ಲಿ ಅಂಥ ಕಾರಿಗೆ ಇರುವ ಬೆಲೆ ಮತ್ತು ಅದು ಉಗುಳುವ ಇಂಗಾಲದ ಮೇಲೆ. ನೀವು ಜರ್ಮನಿಯಲ್ಲಿ ಚೌಕಾಸಿ ಮಾಡಿ ಎಷ್ಟು ಅಗ್ಗಕ್ಕೆ ತಂದರೂ ತೆರಿಗೆ ಅದಕ್ಕೆ ತಕ್ಕಂತೆ ಇಳಿಯಲ್ಲ. ವಿಮಾನದ ಟಿಕೆಟ್ಟು, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿದಾಗ ನಮ್ಮ ಉಳಿತಾಯದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕರಗಿತು. ಹಣ ಉಳಿಸೋಕೆ ಅಂತಲೇ ಹೊರಡುವವರಿಗೆ ನಾನು ಹೇಳೋದು, ಬೇಡ. ಅದೇ ಹಣಕ್ಕೆ ತುಕ್ಕಿಲ್ಲದ, ಹಿನ್ನೆಲೆ ಗೊತ್ತಿರುವ ಕಾರು ಬೇಕು ಅನ್ನುವವರು ಯೋಚಿಸಬಹುದು. ಇನ್ನೊಂದು ಮಾತು: ಆರು ತಿಂಗಳು ತುಂಬದ ಅಥವಾ 6,000 ಕಿಲೋಮೀಟರ್ ಓಡದ ಕಾರನ್ನು ಕಾನೂನು 'ಹೊಸದು' ಅಂತಲೇ ಎಣಿಸುತ್ತೆ. ಅದಕ್ಕೆ ವ್ಯಾಟ್ ಕಟ್ಟಬೇಕಾದ್ದು ನೀವು ಕಾರು ಒಯ್ಯುವ ದೇಶದಲ್ಲಿ.

ಜರ್ಮನಿಯ ಕಾರು ಜಾಹೀರಾತುಗಳಿಗೆ ಅವುಗಳದೇ ಭಾಷೆ. ಹೊಗೆ ಸೇದದವರ ಕಾರು, ಗ್ಯಾರೇಜಿನಲ್ಲೇ ನಿಂತಿದ್ದ ಕಾರು, ಸರ್ವಿಸ್ ಪುಸ್ತಕ ತಪ್ಪದ ಕಾರು. ಎಲ್ಲಕ್ಕಿಂತ ಮೇಲು 'ರೆಂಟ್ನರ್' ಕಾರು, ಅಂದರೆ ಪಿಂಚಣಿದಾರರದ್ದು. ಎರಡು ತಿಂಗಳು ತಡಕಾಡಿದ ಮೇಲೆ ನಮಗೆ ಸಿಕ್ಕಿದ್ದು ಅಂಥದ್ದೇ: ಲ್ಯೂನೆಬರ್ಗ್ ಊರಿನ ಹಿರಿಯರೊಬ್ಬರ 2016ರ ಸ್ಕೋಡಾ ಆಕ್ಟೇವಿಯಾ, ಪೆಟ್ರೋಲು, ಓಡಿದ್ದು 61,000.

ಅಕ್ಟೋಬರ್ ಮಧ್ಯದಲ್ಲಿ ಮಗಳ ಶಾಲೆಗೆ ಒಂದು ವಾರ ರಜೆ. ಮೂವರೂ ಹ್ಯಾಂಬರ್ಗ್‌ಗೆ ಹಾರಿ, ಅಲ್ಲಿಂದ ರೈಲು ಹಿಡಿದೆವು. ಲ್ಯೂನೆಬರ್ಗ್ ಕೆಂಪು ಇಟ್ಟಿಗೆಯ ಊರು. ಊರಿನ ಅಡಿಯಲ್ಲಿ ಉಪ್ಪು. ಶತಮಾನಗಟ್ಟಲೆ ಅದನ್ನು ತೆಗೆದೂ ತೆಗೆದೂ ಮೇಲಿನ ನೆಲ ಕುಸಿದು, ಹಳೇ ಬೀದಿಯ ಮನೆಗಳು ವಾಲಿಕೊಂಡು ನಿಂತಿವೆ. ಬಾಗಿಲು ಒಂದು ಕಡೆ, ಕಿಟಕಿ ಒಂದು ಕಡೆ. ಉಪ್ಪಿನ ಕಾರ್ಖಾನೆ 1980ರಲ್ಲಿ ಮುಚ್ಚಿತು. 'ಅಮ್ಮಾ, ಈ ಮನೆ ಬೀಳಲ್ವಾ?' ಅಂತ ಮಗಳು ಬೀದಿ ಉದ್ದಕ್ಕೂ ಕೇಳಿದಳು.

ಕಾರಿನ ಯಜಮಾನರಿಗೆ ಎಂಬತ್ತರ ಆಸುಪಾಸು. ಕಣ್ಣು ಮಂಜಾಗಿ ಓಡಿಸೋದು ನಿಲ್ಲಿಸಿದ್ದರು. ಬಾನೆಟ್ ತೆಗೆದರು, ತಳ ನೋಡಲು ಪಕ್ಕದ ವರ್ಕ್‌ಶಾಪಿಗೆ ಕರೆದೊಯ್ದು ಲಿಫ್ಟಿನ ಮೇಲೆ ಏರಿಸಿ ತೋರಿಸಿದರು. ಇವರು ಟಾರ್ಚು ಹಿಡಿದು ಇಂಚಿಂಚೂ ನೋಡಿದರು. ನಾನು ಕಾಗದ ನೋಡಿದೆ. ಜರ್ಮನಿಯಲ್ಲಿ ನೋಂದಣಿ ಪತ್ರಕ್ಕೆ ಎರಡು ಭಾಗ. ಮೊದಲನೆಯದು ಓಡಿಸುವಾಗ ಜೊತೆಗಿರಬೇಕು. ಎರಡನೆಯದು, ಜನ ಈಗಲೂ 'ಬ್ರೀಫ್' ಅನ್ನುವುದು, ಮನೆಯಲ್ಲಿ ಜೋಪಾನವಾಗಿರಬೇಕು. ಬ್ರೀಫಿನ ಮೂಲಪ್ರತಿ ಕೈಗೆ ಬರದೆ ಹಣ ಕೊಡಬಾರದು. ಅದರಲ್ಲಿರುವ ಹೆಸರು ಮಾರುವವರ ಗುರುತಿನ ಚೀಟಿಗೆ ಹೊಂದಬೇಕು, ಚಾಸಿ ನಂಬರ್ ಕಾರಿನ ಮೇಲಿನದಕ್ಕೆ ಹೊಂದಬೇಕು. ತಯಾರಕರ ಅನುಸರಣಾ ಪತ್ರವೂ ಇದ್ದರೆ ಒಳ್ಳೆಯದು, ಇಂಗಾಲದ ಅಂಕಿ ಅದರಲ್ಲಿರುತ್ತೆ.

ಎಲ್ಲ ಸರಿಯಿತ್ತು. ಆದರೂ ನಮ್ಮ ನಾಲ್ಕು ವರ್ಷದ ಉಳಿತಾಯ. ನನ್ನ ಮುಖ ನೋಡಿದರೋ ಏನೋ, ಅವರು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಕಾರು ಕೊಂಡ ದಿನದಿಂದ ಪೆಟ್ರೋಲ್ ಹಾಕಿಸಿದ ಪ್ರತಿ ಸಲದ ಲೆಕ್ಕ: ತಾರೀಖು, ಊರು, ಕಿಲೋಮೀಟರ್, ಎಷ್ಟು ಲೀಟರ್. ಸಣ್ಣ ಅಕ್ಷರ, ಒಂದು ಸಾಲೂ ತಪ್ಪಿಲ್ಲ. ಮೀಟರ್ ತಿರುಗಿಸುವವರು ಈ ವ್ಯಾಪಾರದಲ್ಲಿ ಇದ್ದೇ ಇದ್ದಾರೆ. ಆದರೆ ಇಷ್ಟು ವರ್ಷದ ಲೆಕ್ಕವನ್ನು ಬೇರೆ ಬೇರೆ ಪೆನ್ನಿನಲ್ಲಿ ಸುಳ್ಳು ಬರೆಯೋ ತಾಳ್ಮೆ ಯಾರಿಗಿದೆ? ಇವರು ನನ್ನ ಕಡೆ ನೋಡಿದರು, ನಾನು ತಲೆಯಾಡಿಸಿದೆ.

ಮರುದಿನ ನೋಂದಣಿ ಕಚೇರಿಗೆ ಹಿರಿಯರೂ ಜೊತೆಗೇ ಬಂದರು. ಅಲ್ಲಿ ಹಳೇ ನಂಬರ್ ರದ್ದು ಮಾಡಿ, ಬಲತುದಿಯಲ್ಲಿ ಕೆಂಪು ಪಟ್ಟಿಯಿರುವ ರಫ್ತು ಫಲಕ ಕೊಡುತ್ತಾರೆ. ಫಲಕದ ಅವಧಿ ಮುಗಿಯುವ ದಿನ ಆ ಪಟ್ಟಿಯಲ್ಲೇ ಅಚ್ಚಾಗಿರುತ್ತೆ, ವಿಮೆಯೂ ಅಷ್ಟೇ ದಿನಕ್ಕೆ. ಮೋಜು ಅಂದ್ರೆ ಫಲಕವನ್ನು ಕಚೇರಿಯವರು ಮಾಡಿ ಕೊಡಲ್ಲ. ನಮ್ಮೂರ ಆರ್‌ಟಿಓ ಮುಂದೆ ಸ್ಟಿಕ್ಕರ್ ಅಂಗಡಿಗಳಿರುವ ಹಾಗೆ ಅಲ್ಲೂ ಕಚೇರಿ ಎದುರಿಗೇ ಪುಟ್ಟ ಅಂಗಡಿಗಳು. ಚೀಟಿ ಕೊಟ್ಟರೆ ಯಂತ್ರದಲ್ಲಿ ಒತ್ತಿ ಐದು ನಿಮಿಷದಲ್ಲಿ ಬಿಸಿಬಿಸಿ ಫಲಕ ಕೈಗಿಡುತ್ತಾರೆ. ಅದನ್ನು ಹಿಡಿದು ಮತ್ತೆ ಒಳಗೋಡಿ ಮುದ್ರೆ ಅಂಟಿಸಿಕೊಳ್ಳಬೇಕು.

ಹಿರಿಯರು ಕೀ ಕೊಟ್ಟು, ಕಾರಿನ ಛಾವಣಿ ಮೇಲೆ ಎರಡು ಸಲ ತಟ್ಟಿ, ಹಿಂದಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ನಡೆದರು. ನಾವೇ ಮನೆಗೆ ಬಿಡ್ತೀವಿ ಅಂದರೂ ಒಪ್ಪಲಿಲ್ಲ.

ಹಡಗು ಇದ್ದದ್ದು ಟ್ರಾವೆಮ್ಯುಂಡೆ ಬಂದರಿನಿಂದ, ಲ್ಯೂಬೆಕ್ ಪಕ್ಕ. ಆಟೋಬಾನ್ ಬಿಟ್ಟು ನಾವು ಹಳೇ ಉಪ್ಪಿನ ದಾರಿ ಹಿಡಿದೆವು. ಲ್ಯೂನೆಬರ್ಗ್‌ನ ಉಪ್ಪು ಗಾಡಿಗಳಲ್ಲಿ ಲ್ಯೂಬೆಕ್ ಮುಟ್ಟಿ, ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನು ಕೆಡದ ಹಾಗೆ ಕಾಪಾಡುತ್ತಿತ್ತು. ಫ್ರಿಜ್ಜು ಇಲ್ಲದ ಕಾಲದಲ್ಲಿ ಅದು ಚಿನ್ನದಂಥ ಸರಕು. 1398ರಲ್ಲಿ ಉಪ್ಪಿನ ದೋಣಿಗಳಿಗೆ ಅಂತಲೇ ಒಂದು ಕಾಲುವೆಯೂ ಮುಗಿಯಿತು. ದಾರಿಯಲ್ಲಿ ಲಾವೆನ್‌ಬುರ್ಗ್‌ನ ಹತ್ತಿರ ಎಲ್ಬೆ ನದಿ, ಮೊಲ್ನ್ ಊರು, ಸರೋವರದ ನಡುವಿನ ರಾಟ್ಸೆಬುರ್ಗ್. ಮೊಲ್ನ್‌ನಲ್ಲಿ ಟಿಲ್ ಓಯ್ಲನ್‌ಶ್ಪೀಗೆಲ್ ಎಂಬ ವಿದೂಷಕನ ಪ್ರತಿಮೆ ಇದೆ. ಜರ್ಮನರ ತೆನಾಲಿ ರಾಮ ಅನ್ನಿ. ಅವನ ಹೆಬ್ಬೆರಳು ಉಜ್ಜಿದರೆ ಅದೃಷ್ಟವಂತೆ, ಮುಟ್ಟಿ ಮುಟ್ಟಿ ಹೊಳೆಯುತ್ತಿತ್ತು. ಇವರು ಕಾರಿನಿಂದಿಳಿದು ಎರಡು ಸಲ ಉಜ್ಜಿ ಬಂದರು. ಲ್ಯೂಬೆಕ್‌ನಲ್ಲಿ ಹೋಲ್ಸ್ಟನ್ ಹೆಬ್ಬಾಗಿಲ ಪಕ್ಕದಲ್ಲೇ ಹಳೇ ಉಪ್ಪಿನ ಗೋದಾಮುಗಳು ಸಾಲಾಗಿ ನಿಂತಿವೆ. ಮಾರ್ಜಿಪಾನ್ ಅನ್ನೋ ಬಾದಾಮಿ ಮಿಠಾಯಿ ತಿಂದು 'ನಮ್ಮ ಬಾದಾಮಿ ಬರ್ಫಿಯೇ ವಾಸಿ' ಅಂತ ಮೂವರೂ ತೀರ್ಮಾನಿಸಿದೆವು.

ರಾತ್ರಿ ಬಂದರಿನಲ್ಲಿ ಲಾರಿಗಳ ಮಧ್ಯೆ ನಮ್ಮ ಕಾರು ಇಲಿಮರಿಯಂತೆ. ಹಡಗು ಬಿಟ್ಟಿದ್ದು ನಡುರಾತ್ರಿ ಕಳೆದ ಮೇಲೆ, ಪಯಣ ಹತ್ತಿರ ಹತ್ತಿರ ಮೂವತ್ತು ಗಂಟೆ. ಹೊರಟ ಮೇಲೆ ಕಾರಿನ ಅಂತಸ್ತಿಗೆ ಹೋಗೋ ಹಾಗಿಲ್ಲ. ಮರುದಿನವೆಲ್ಲ ಬೂದುಬಣ್ಣದ ನೀರು, ಲಾರಿ ಚಾಲಕರ ಗೊರಕೆ, ಹಡಗಿನಲ್ಲೂ ಬಿಡದ ಫಿನ್ನರ ಸೌನಾ. ನಾನು ನೋಟ್‌ಬುಕ್ ಬಿಡಿಸಿ ಕೂತೆ. ಮೊದಲ ಪುಟಗಳಲ್ಲಿ ತಿಂಗಳಿಗೆ ಮೂರು ಮೂರು ಸಲ ಪೆಟ್ರೋಲು: ಹಾರ್ಜ್ ಬೆಟ್ಟದ ಊರುಗಳು, ಉತ್ತರ ಸಮುದ್ರದ ದಂಡೆ, ಬೇಸಿಗೆಯಲ್ಲಿ ಡೆನ್ಮಾರ್ಕ್. 2021ರ ವಸಂತದಿಂದ ಮುಂದೆ ಲ್ಯೂನೆಬರ್ಗ್ ಒಂದೇ. ಎರಡು ತಿಂಗಳಿಗೊಮ್ಮೆ, ಅದೂ ಅರ್ಧ ಟ್ಯಾಂಕು. ಅವರ ಮನೆಯ ಗೋಡೆಯಲ್ಲಿ ಹೆಂಡತಿಯ ಫೋಟೋ ನೋಡಿದ್ದೆ, ಏನೂ ಕೇಳಿರಲಿಲ್ಲ.

ಹೆಲ್ಸಿಂಕಿಯ ವುಓಸಾರಿ ಬಂದರಿನಲ್ಲಿ ಯಾರೂ ತಡೆಯಲಿಲ್ಲ. ಫಿನ್ಲೆಂಡಿನ ನೆಲದಲ್ಲಿ ಓಡಿಸುವ ಮೊದಲೇ ತೆರಿಗೆ ಇಲಾಖೆಗೆ ಆನ್‌ಲೈನಿನಲ್ಲಿ 'ಬಳಕೆ ಶುರು ಮಾಡ್ತಿದ್ದೀವಿ' ಅಂತ ಘೋಷಣೆ ಕೊಡಬೇಕು, ಅದನ್ನು ಕೊಟ್ಟಿದ್ದೆವು. ಆಮೇಲೆ ತೆರಿಗೆಯ ಅರ್ಜಿ, ಆದೇಶ ಬಂದ ಮೇಲೆ ಹಣ, ನೋಂದಣಿ ತಪಾಸಣೆ, ಕೊನೆಗೆ ಮೂರು ಅಕ್ಷರ ಮೂರು ಅಂಕಿಯ ಫಿನ್ನಿಷ್ ಫಲಕ. ತಪಾಸಣೆ ಮಾಡಿದ ಹುಡುಗ ಕಾರಿನಡಿ ನಿಂತು, ಇಲ್ಲಿ ಅಪರೂಪ ಅನ್ನೋ ಹಾಗೆ, 'ಚೆನ್ನಾಗಿದೆ' ಅಂದ. ಫಿನ್ನರ ಬಾಯಲ್ಲಿ ಅದು ಸನ್ಮಾನ ಪತ್ರ.

ಎರಡು ಖರ್ಚು ಬಾಕಿಯಿತ್ತು. ಒಂದು ಚಳಿಗಾಲದ ಟೈರು. ಜರ್ಮನಿಯಲ್ಲಿ ಮೊಳೆ ಟೈರಿಗೆ ನಿಷೇಧ, ಇಲ್ಲಿ ಅರ್ಧ ಊರು ಅದರ ಮೇಲೇ ಓಡೋದು. ಇನ್ನೊಂದು, ಎಂಜಿನ್ ಬೆಚ್ಚಗಿಡುವ ಹೀಟರ್. ಇಲ್ಲಿನ ಪಾರ್ಕಿಂಗ್‌ಗಳಲ್ಲಿ ಸಾಮಾನ್ಯವಾಗಿ ಪ್ಲಗ್ಗಿನ ಕಂಬ, ರಾತ್ರಿ ತಂತಿ ಸಿಕ್ಕಿಸಿ ಟೈಮರ್ ಇಟ್ಟರೆ ಬೆಳಗ್ಗೆ ಎಂಜಿನ್ ಬಿಸಿಯಾಗಿರುತ್ತೆ. ಜರ್ಮನಿಯ ಕಾರಿಗೆ ಅದು ಇರೋದಿಲ್ಲ, ಹಾಕಿಸಬೇಕು. 'ಪೆಟ್ರೋಲ್ ಕಾರಿಗೂ ಚಾರ್ಜರ್ರಾ?' ಅಂತ ಅಮ್ಮ ವಿಡಿಯೋ ಕಾಲಿನಲ್ಲಿ ಕೇಳಿದರು.

ಹೊಸ ಫಲಕದ ಫೋಟೋ ಹಿರಿಯರಿಗೆ ಕಳಿಸಿದೆ. ಎರಡು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು: ಆ ಚಳಿಯಲ್ಲಿ ನೂರು ಕಿಲೋಮೀಟರ್‌ಗೆ ಎಷ್ಟು ಲೀಟರ್ ಕುಡಿಯುತ್ತೆ? ಅವರ ಪುಸ್ತಕದ ಸರಾಸರಿ 5.9. ಇನ್ನೂ ಹಿಮ ಬಿದ್ದಿಲ್ಲ, ಬಿದ್ದ ಮೇಲೆ ತಿಳಿಸ್ತೀನಿ ಅಂದೆ. ಜನವರಿಯಲ್ಲಿ, ಮೈನಸ್ ಇಪ್ಪತ್ತೆರಡರಲ್ಲಿ ಲೊಹ್ಯಾಗೆ ಒಂದು ವಾರ ಓಡಾಡಿದ ಮೇಲೆ, ಲೆಕ್ಕ ಹಾಕಿ ಬರೆದೆ: 7.1.